ಮೊದಲ ರಿಂಗಿಗೇ

ಎದುರಿನ ಸ್ವಾಸ್ಥ್ಯ ಕೇಂದ್ರಕ್ಕೆ ಹೊಸ ಕಾರ್ಯಾಚರಣೆ ನಿರ್ದೇಶಕರು ಸೇರಿದ ದಿನ ನನ್ನ ಅಂಗಡಿಗೆ ಮಧ್ಯಾಹ್ನದವರೆಗೆ ಒಬ್ಬ ಗಿರಾಕಿಯೂ ಬರಲಿಲ್ಲ. ಹಾಗಾಗಿ ಅವರನ್ನು ಸಾವಕಾಶವಾಗಿ ನೋಡಲು ಪುರುಸೊತ್ತಾಯಿತು. ಐವತ್ತನಾಲ್ಕರ ವಯಸ್ಸು, ಅಂಗಿಯ ತೋಳಿನಲ್ಲಿ ಬೆರಳು ಕೊಯ್ಯುವಂಥ ಇಸ್ತ್ರಿಯ ಗೆರೆ, ಜೇಬಿನಲ್ಲಿ ಮೂರು ಬಣ್ಣದ ಮೂರು ಪೆನ್ನು. ಮಹಡಿಯ ಮೆಟ್ಟಿಲ ಬುಡದಲ್ಲಿ ನಿಂತು, ಮೇಲಕ್ಕೆ ನೋಡಿ, ಬಾಯಲ್ಲೇ ಮೆಟ್ಟಿಲು ಎಣಿಸಿ, ಪುಸ್ತಕ ತೆಗೆದು ಬರೆದುಕೊಂಡರು. ಇಷ್ಟು ವರ್ಷದಲ್ಲಿ ಆ ಮೆಟ್ಟಿಲು ಹತ್ತಿದವರೆಲ್ಲ ಬೈದದ್ದುಂಟು, ಎಣಿಸಿದವರಿಲ್ಲ.

ನನ್ನದು ಫ್ಯಾನು, ಫೋನು, ಗೋಡೆ ಗಡಿಯಾರ ಮಾರುವ ಅಂಗಡಿ. ಎದುರಿನ ಮಹಡಿಯಲ್ಲಿ ಮೊದಲು ಸೋಫಾ ಮಾರುತ್ತಿದ್ದರು. ಅವರು ಬಾಗಿಲು ಹಾಕಿದ ಮೇಲೆ ಸ್ವಾಸ್ಥ್ಯ ಕೇಂದ್ರ ಬಂತು. ಒಂದು ಕೋಣೆಯಲ್ಲಿ ಮಂಡಿನೋವಿನವರಿಗೆ ವ್ಯಾಯಾಮ, ಇನ್ನೊಂದರಲ್ಲಿ ಬಿಪಿ ನೋಡುವುದು, ಮೂರನೆಯದರಲ್ಲಿ ಸುಮ್ಮನೆ ಕೂತು ಮಾತಾಡುವುದು. ಆದರೆ ಕೇಂದ್ರದ ನಿಜವಾದ ಕೆಲಸ ನಡೆಯುತ್ತಿದ್ದದ್ದು ಮೆಟ್ಟಿಲ ಪಕ್ಕದ ಸಣ್ಣ ಮೇಜಿನಲ್ಲಿ, ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ.

ಆ ಮೇಜಿನ ಮೇಲೊಂದು ಫೋನು. ಮುಂದೆ ಫೋನಕ್ಕ. ಹಿಂದೆ ಯಾವುದೋ ಹೋಟೆಲಿನಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದವರು, ಅರವತ್ತು ದಾಟಿದವರು. ಊರಿನಲ್ಲಿ ಒಂಟಿಯಾಗಿ ಬದುಕುವ ನೂರ ಅರವತ್ತೆರಡು ಮುದುಕ ಮುದುಕಿಯರ ಪಟ್ಟಿ ಅವರ ಹಿಂದಿನ ಗೋಡೆಯ ಮೇಲಿತ್ತು. ಪ್ರತಿಯೊಬ್ಬರೂ ಬೆಳಿಗ್ಗೆ ಎದ್ದು ಆ ನಂಬರಿಗೆ ಒಂದು ಮಿಸ್ಡ್ ಕಾಲ್ ಕೊಡಬೇಕು. ಎತ್ತುವ ಹಾಗಿಲ್ಲ, ಎತ್ತಿದರೆ ಪಾಪ, ಅವರ ಫೋನಿನ ಕಾಸು ಹೋಗುತ್ತದೆ. ಫೋನಕ್ಕ ನಂಬರು ನೋಡಿ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಗೀಟು ಹಾಕುವರು. ಒಂಬತ್ತಕ್ಕೆ ಯಾರ ಮುಂದೆ ಗೀಟಿಲ್ಲವೋ ಅವರ ಮನೆಗೆ ಇಬ್ಬರು ಸ್ವಯಂಸೇವಕರು ಹೊರಡುವರು. ಬಹಳ ಸಲ ನಿದ್ದೆ, ಕೆಲವು ಸಲ ಮರೆವು, ಒಮ್ಮೊಮ್ಮೆ ಮಾತ್ರ ಆಸ್ಪತ್ರೆ. ಬಾಗಿಲು ತಟ್ಟುವ ಕೈ ಹೊತ್ತಿಗೆ ಸರಿಯಾಗಿ ಮುಟ್ಟಬೇಕು, ಅಷ್ಟೇ. ನೂರ ಅರವತ್ತೆರಡು ಜನ ರಾತ್ರಿ ಮಲಗುತ್ತಿದ್ದದ್ದು ಅದೊಂದು ನಂಬಿಕೆಯ ಮೇಲೆ.

ಹೊಸಬರು ಇಪ್ಪತ್ತಾರು ವರ್ಷ ಒಂದು ಪಾರ್ಸೆಲ್ ಕಂಪನಿಯ ಗೋದಾಮಿನಲ್ಲಿದ್ದವರು. ಚೀಟಿ ಅಂಟಿಸುವ ಕೆಲಸಕ್ಕೆ ಸೇರಿ, ಇಡೀ ಗೋದಾಮು ನಡೆಸುವವರೆಗೆ ಏರಿದವರು. ತಮ್ಮ ಕಾಲದಲ್ಲಿ ಒಂದು ಪೊಟ್ಟಣವೂ ಕಳೆದುಹೋಗಲಿಲ್ಲ ಎಂಬುದನ್ನು ಅವರು ಜಂಬದಿಂದಲ್ಲ, ತಮ್ಮ ಎತ್ತರ ಹೇಳಿದ ಹಾಗೆ ಹೇಳುತ್ತಿದ್ದರು. ಕಂಪನಿಯನ್ನು ಯಾರೋ ಕೊಂಡುಕೊಂಡರು, ಕೊಂಡವರು ಇವರನ್ನು ಮನೆಗೆ ಕಳಿಸಿದರು. ಎಂಟು ತಿಂಗಳು ಮನೆಯಲ್ಲಿದ್ದು ಅಡುಗೆಮನೆಯ ಡಬ್ಬಗಳಿಗೆಲ್ಲ ಚೀಟಿ ಅಂಟಿಸಿದರಂತೆ. ಹೆಂಡತಿ ಶಾಲೆಯ ಟೀಚರು. ಒಮ್ಮೆ ನನ್ನ ಅಂಗಡಿಗೆ ಇಸ್ತ್ರಿ ಪೆಟ್ಟಿಗೆಗೆಂದು ಬಂದಾಗ ಹೇಳಿದರು: "ಸಕ್ಕರೆ ಡಬ್ಬದ ಮೇಲೆ ಸಕ್ಕರೆ ಅಂತ ಬರ್ದಿದ್ದಾರೆ, ಉಪ್ಪಿನ ಮೇಲೆ ಉಪ್ಪು. ಮಲಗಿದ್ದಾಗ ನನ್ನ ಹಣೆಗೂ ಒಂದು ಅಂಟಿಸ್ತಾರೇನೋ ಅಂತ ಭಯ. ಹೇಗೋ ಒಂದು ಕೆಲಸ ಸಿಕ್ತಲ್ಲ, ಬದುಕಿದೆ."

ಅವರಿಗೆ ಕೊಟ್ಟ ಹುದ್ದೆಯ ಹೆಸರು ಕೊಟ್ಟ ಮೇಜಿಗಿಂತ ಉದ್ದವಿತ್ತು. ಜನ ಅದನ್ನು ಕತ್ತರಿಸಿ ಡೈರೆಕ್ಟರು ಎಂದರು. ಮೊದಲ ಕತ್ತರಿ ಹಾಕಿದವನು ಕಂಡಕ್ಟರ್ ಅಜ್ಜ.

ಅಜ್ಜ ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವನು. ಹೆಂಡತಿ ಇಲ್ಲ, ಮಗಳು ಬೇರೆ ಊರಿನಲ್ಲಿ. ಕೇಂದ್ರದಿಂದ ಏಳು ನಿಮಿಷದ ದಾರಿಯಲ್ಲಿ, ಒಂದು ಬಟ್ಟೆ ಗೋದಾಮಿನ ಮೇಲಿನ ಮೂರನೇ ಅಂತಸ್ತಿನಲ್ಲಿ ಅವನ ಒಂದೇ ಕೋಣೆ. ಪಟ್ಟಿಯಲ್ಲಿ ಮೂವತ್ತೇಳನೆಯವನು. ವ್ಯಾಯಾಮಕ್ಕೆಂದು ಬಂದು ಯಾರಿಗಾದರೂ ಕೀಟಲೆ ಮಾಡಿ ಹೋಗುವುದು ಅವನ ವ್ಯಾಯಾಮ.

"ಡೈರೆಕ್ಟ್ರಾ? ಹಾಗಾದ್ರೆ ನನಗೊಂದು ಪಾರ್ಟ್ ಕೊಡಿ ಸ್ವಾಮಿ," ಎಂದ ಮೊದಲ ದಿನವೇ. "ಸಾಯೋ ಪಾರ್ಟ್ ಮಾತ್ರ ಬೇಡ. ಅದನ್ನ ನಾನೇ ಮಾಡ್ಕೋತೀನಿ, ರಿಹರ್ಸಲ್ ಆಗಿದೆ."

ಡೈರೆಕ್ಟರು ನಗಲಿಲ್ಲ. "ತಮ್ಮ ನಂಬರ್ ಎಷ್ಟು?" ಎಂದರು.

"ನೋಡಿದ್ರಾ! ಗೋದಾಮಿನವರು ಅಂತ ಕೇಳಿದ್ದೆ. ನಮ್ಮನ್ನೂ ಪಾರ್ಸೆಲ್ ಮಾಡಿ ಕಳಿಸ್ಬಿಡ್ತೀರೇನೋ. ಮೇಲೆ 'ಹುಷಾರು, ಒಡೆಯುವ ಸಾಮಾನು' ಅಂತ ಬರೀರಪ್ಪ."

ಆಗ ಮಾತ್ರ ಡೈರೆಕ್ಟರ ಮುಖದಲ್ಲಿ ಏನೋ ಸಡಿಲವಾಯಿತು. ಆಮೇಲೆ ಅಜ್ಜ ಬಂದಾಗಲೆಲ್ಲ ಅವರು ಎದ್ದು ಬಂದು ಮೆಟ್ಟಿಲಿಳಿಸಿ ಹೋಗುತ್ತಿದ್ದರು. ಅಜ್ಜ ಪ್ರತಿ ಸಲವೂ ಕೊನೆಯ ಮೆಟ್ಟಿಲಲ್ಲಿ "ಇಳಿಯೋರು ಇಳೀರಿ" ಎಂದು ಕೂಗುತ್ತಿದ್ದ.

ಕೇಂದ್ರದ ಫೋನಿನ ಲೆಕ್ಕ ಡೈರೆಕ್ಟರ ಕೈಗೆ ಬಂದದ್ದು ಎರಡನೇ ವಾರ. ದಿನಕ್ಕೆ ನೂರೈವತ್ತು, ನೂರ ಅರವತ್ತು ಕರೆ; ಎತ್ತಿದ್ದು ಸೊನ್ನೆ. ಪಾರ್ಸೆಲ್ ಕಂಪನಿಯಲ್ಲಿ ಒಂದು ಕರೆ ಎತ್ತದಿದ್ದರೆ ಇವರನ್ನು ನಿಲ್ಲಿಸಿ ಕೇಳುತ್ತಿದ್ದರಂತೆ. ಕೂಡಲೇ ಎದ್ದು ಫೋನಕ್ಕನ ಬಳಿ ಹೋದರು. ಹೋದದ್ದು ಮಧ್ಯಾಹ್ನ ನಾಲ್ಕಕ್ಕೆ. ಬೆಳಗಿನ ಕೆಲಸವನ್ನು ಅವರು ಮಧ್ಯಾಹ್ನ ಕಲಿತರು. ಅವರ ತಪ್ಪೆಲ್ಲ ಅಷ್ಟರಲ್ಲೇ ಇದೆ.

"ನೀವು ಏನು ಮಾಡ್ತೀರಿ ಅನ್ನೋದನ್ನ ಒಂದೊಂದಾಗಿ ಹೇಳಿ ಅಮ್ಮ. ಬರ್ಕೋತೀನಿ."

ಫೋನಕ್ಕ ಹೇಳಿದರು. "ರಿಂಗಾಗುತ್ತೆ, ಗೀಟು ಹಾಕ್ತೀನಿ. ಒಂಬತ್ತಾದ್ರೂ ಆಗಲಿಲ್ಲ ಅಂದ್ರೆ ಮನೆಗೆ ಕಳಿಸ್ತೀನಿ."

"ಇನ್ನೇನಾದರೂ?"

"ಇನ್ನೇನಿದೆ ಸಾರ್? ಅಷ್ಟೇ."

ಅಷ್ಟೇ ಆಗಿರಲಿಲ್ಲ. ಅದು ಫೋನಕ್ಕನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ನೂರ ಅರವತ್ತೆರಡು ಜನಕ್ಕೂ ಗೊತ್ತಿತ್ತು. ಆ ಏರ್ಪಾಡು ಮಾಡಿದವನೇ ಕಂಡಕ್ಟರ್ ಅಜ್ಜ. ಬಸ್ಸಿನಲ್ಲಿ ಎರಡು ಬೆಲ್ ಹೊಡೆದರೆ ಹೊರಡು ಎಂದರ್ಥ. ಬಿಡದೆ ಹೊಡೆದರೆ ಯಾರೋ ಬಿದ್ದಿದ್ದಾರೆ, ನಿಲ್ಲಿಸು ಎಂದು. ಇಲ್ಲೂ ಹಾಗೇ: ಎರಡು ರಿಂಗಾಗಿ ನಿಂತರೆ ಚೆನ್ನಾಗಿದ್ದೇನೆ; ನಿಲ್ಲದೆ ಹೊಡೆದುಕೊಂಡರೆ ಬೇಗ ಬನ್ನಿ. ಮೂರು ನಾಲ್ಕು ತಿಂಗಳಿಗೊಮ್ಮೆ ಆ ಉದ್ದನೆಯ ರಿಂಗು ನನ್ನ ಅಂಗಡಿಯವರೆಗೂ ಕೇಳುತ್ತಿತ್ತು. ಆಮೇಲೆ ಮೆಟ್ಟಿಲ ಮೇಲೆ ದಡದಡ ಓಡುವ ಸದ್ದು. ಇದನ್ನು ಯಾಕೆ ಹೇಳಲಿಲ್ಲ ಎಂದು ಆಮೇಲೆ ಕೇಳಿದಾಗ ಫೋನಕ್ಕ ನನ್ನನ್ನೇ ದುರುಗುಟ್ಟಿಕೊಂಡು ನೋಡಿದರು. "ಹಸಿವಾದ್ರೆ ಊಟ ಮಾಡ್ತೀನಿ ಅಂತ ಯಾರಾದ್ರೂ ಬರೆಸ್ತಾರೇನಪ್ಪ? ಫೋನು ಬಿಡದೆ ಹೊಡ್ಕೊಂಡ್ರೆ ಏಳ್ತಾರೆ. ಅದನ್ನೂ ಹೇಳ್ಬೇಕಾ?"

ಡೈರೆಕ್ಟರು ಆ ವಾರವೇ ನನ್ನ ಅಂಗಡಿಗೆ ಬಂದರು. ಕರೆಗಳಿಗೆ ತಾನೇ ಉತ್ತರ ಕೊಟ್ಟು, ನಂಬರು ಗುರುತಿಸಿ, ಕಂಪ್ಯೂಟರಿನಲ್ಲಿ ಹೆಸರಿನ ಮುಂದೆ ಹಸಿರು ಬಣ್ಣ ತುಂಬುವ ಯಂತ್ರ ಬೇಕೆಂದರು. ನಾನು ತರಿಸಿಕೊಟ್ಟೆ.

"ಎಷ್ಟು ಹೊತ್ತಿಗೆ ಎತ್ತುತ್ತೆ?" ಎಂದು ಕೇಳಿದರು.

"ಮೊದಲ ರಿಂಗಿಗೇ ಎತ್ತುತ್ತೆ ಸಾರ್. ಎರಡನೇ ರಿಂಗಿಗೆ ಬಿಡೋದೇ ಇಲ್ಲ," ಎಂದೆ. ವ್ಯಾಪಾರದ ಮಾತು. ಹಾಗೆನ್ನುವಾಗ ಆ ಉದ್ದನೆಯ ರಿಂಗು ನನ್ನ ತಲೆಯೊಳಗೆ ಬಂದು ಹೋದದ್ದು ನಿಜ. ಅವರಿಗೆ ಗೊತ್ತಿರಬಹುದು, ಅದಕ್ಕೂ ಏನೋ ಮಾಡಿರಬಹುದು ಎಂದುಕೊಂಡೆ. ಮಾರುವವನು ಹಾಗೆ ಅಂದುಕೊಳ್ಳುವುದು ಬಹಳ ಸುಲಭ.

ಯಂತ್ರ ಆಡುವ ಮಾತನ್ನು ಅವರ ದನಿಯಲ್ಲೇ ತುಂಬಿಸಿದೆವು. ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ, ಫ್ಯಾನುಗಳನ್ನೆಲ್ಲ ನಿಲ್ಲಿಸಿ, ಐದು ಸಲ ಓದಿದರು. "ನಮಸ್ಕಾರ. ನಿಮ್ಮ ಕರೆ ನಮಗೆ ಬಹಳ ಮುಖ್ಯ. ನಿಮ್ಮ ಕರೆಯನ್ನು ಬರೆದುಕೊಂಡಿದ್ದೇವೆ. ನೀವು ಆರೋಗ್ಯವಾಗಿರುವುದು ತಿಳಿದು ಸಂತೋಷವಾಯಿತು. ನಿಮ್ಮ ದಿನ ಚೆನ್ನಾಗಿರಲಿ." ಆಮೇಲೆ ಯಂತ್ರ ತಾನೇ ಫೋನು ಇಡುತ್ತದೆ. ಕರೆ ಮಾಡಿದವರು ಚೆನ್ನಾಗಿದ್ದಾರೆ, ಮಾಡದವರ ಮನೆಗೆ ಹೋಗಬೇಕು. ಪೊಟ್ಟಣ ಬಂದಿದೆ ಇಲ್ಲವೇ ಬಂದಿಲ್ಲ, ಮೂರನೆಯದು ಇಲ್ಲ.

ಯಂತ್ರಕ್ಕೆ ರಿಬ್ಬನ್ ಕಟ್ಟಿ ಕತ್ತರಿಸಿದರು. ಕತ್ತರಿಸಿದವರು ಕೇಂದ್ರ ನಡೆಸುವ ಸಂಸ್ಥೆಯ ಅಧ್ಯಕ್ಷರು, ನಿವೃತ್ತ ಹಲ್ಲಿನ ಡಾಕ್ಟರು. ಬಾಯಿ ತೆರೆದು ಉತ್ತರ ಕೊಡಲಾಗದೆ ಮಲಗಿದವರ ಜೊತೆ ನಲವತ್ತು ವರ್ಷ ಮಾತಾಡಿದ್ದರಿಂದ ಸಭೆಯಲ್ಲೂ ಅವರು ಯಾರಿಂದಲೂ ಉತ್ತರ ನಿರೀಕ್ಷಿಸುತ್ತಿರಲಿಲ್ಲ. ಫೋನಕ್ಕನಿಗೆ ಒಂದು ಗೋಡೆ ಗಡಿಯಾರ ಕೊಟ್ಟು, ಇನ್ನು ಮೇಲೆ ವಿಶ್ರಾಂತಿ ತೆಗೆದುಕೊಳ್ಳಿ ಎಂದರು. ಗಡಿಯಾರವೂ ನನ್ನ ಅಂಗಡಿಯದೇ. ಅವರು ಪೆನ್ಸಿಲನ್ನು ಮೇಜಿನ ಮೇಲಿಟ್ಟು, ಗಡಿಯಾರ ಕಂಕುಳಲ್ಲಿಟ್ಟುಕೊಂಡು ಇಳಿದು ಹೋದರು.

ಮೂರು ತಿಂಗಳು ಎಲ್ಲ ಸುಸೂತ್ರ. ಮುದುಕರು ಗೊಣಗಿದರು: ಕಟ್ ಮಾಡುವುದರೊಳಗೆ ಯಾರೋ ಎತ್ತಿ ಮಾತಾಡುತ್ತಾನೆ, ಫೋನಿನ ಕಾಸು ಹೋಗುತ್ತಿದೆ ಎಂದು. ಅಭ್ಯಾಸವಾಗುತ್ತದೆ ಎಂದರು ಡೈರೆಕ್ಟರು. ಒಂಬತ್ತು ಹೊಡೆಯುವಷ್ಟರಲ್ಲಿ ಪರದೆಯೆಲ್ಲ ಹೊಸ ಹುಲ್ಲಿನ ಹಾಗೆ ಹಸಿರಾಗುತ್ತಿತ್ತು. ಅದನ್ನು ನೋಡಲೆಂದೇ ಅವರು ಎಂಟೂವರೆಗೆ ಬಂದು ಕೂರುತ್ತಿದ್ದರು.

ಕಂಡಕ್ಟರ್ ಅಜ್ಜ ಮಾತ್ರ ಬಂದಾಗಲೆಲ್ಲ ಕೆಣಕುತ್ತಿದ್ದ. "ಏನ್ರೀ ಡೈರೆಕ್ಟ್ರೇ, ಬೆಳಿಗ್ಗೆ ಬೆಳಿಗ್ಗೆ ನಾನು ಆರೋಗ್ಯವಾಗಿದ್ದೀನಿ ಅಂತ ನನಗೇ ಹೇಳ್ತೀರಲ್ಲ, ನಿಮಗೆ ಹೇಗೆ ಗೊತ್ತು?"

"ಕರೆ ಮಾಡಿದ್ರಲ್ಲ ಅಜ್ಜ, ಅದಕ್ಕೇ ಗೊತ್ತು."

"ಹೌದಾ? ಒಳ್ಳೆ ಡಾಕ್ಟ್ರಪ್ಪ ನೀವು!"

ಒಂದು ಗುರುವಾರ ಒಂಬತ್ತಕ್ಕೆ ಪರದೆಯಲ್ಲಿ ಎರಡು ಹೆಸರು ಕೆಂಪಾಗಿದ್ದವು. ಒಂದು, ಫೋನು ನೀರಿಗೆ ಬೀಳಿಸಿಕೊಂಡ ಒಬ್ಬ ಅಜ್ಜಿಯದು. ಇನ್ನೊಂದು ಮೂವತ್ತೇಳು. ಅಜ್ಜನ ಮನೆಗೆ ಡೈರೆಕ್ಟರು ಸ್ವಯಂಸೇವಕರ ಜೊತೆ ತಾವೇ ಹೋದರು. ಬೀಗ ಒಡೆಯುವವನನ್ನು ಕರೆಸಬೇಕಾಯಿತು. ಅಜ್ಜ ಬಚ್ಚಲ ಹೊಸ್ತಿಲಲ್ಲಿ ಒಂದು ಮಗ್ಗುಲಿಗೆ ಬಿದ್ದಿದ್ದ. ಸೊಂಟದ ಮೂಳೆ ಮುರಿದಿತ್ತು. ಮೈ ತಣ್ಣಗಾಗಿ ಬಹಳ ಹೊತ್ತಾಗಿತ್ತು. ಕೈಯಲ್ಲಿ ಫೋನಿತ್ತು. ಕನ್ನಡಕ ಮಂಚದ ಮೇಲಿತ್ತು. ಕಣ್ಣು ಕಾಣದಿದ್ದರೂ ಬೆರಳಿಗೆ ಸಿಗಲಿ ಎಂದು ಫೋನಿನ ಒಂದನೇ ಗುಂಡಿಯ ಮೇಲೆ ಕೇಂದ್ರದವರೇ ಬಟ್ಟೆಯ ಪಟ್ಟಿ ಅಂಟಿಸಿಕೊಟ್ಟಿದ್ದರು. ಆ ಗುಂಡಿ ಒತ್ತಿದರೆ ಕೇಂದ್ರಕ್ಕೆ ಹೋಗುತ್ತದೆ.

ಬಿದ್ದದ್ದು ಹಿಂದಿನ ದಿನ ಬೆಳಿಗ್ಗೆ ಎಂದರು ಪರೀಕ್ಷೆ ಮಾಡಿದ ಡಾಕ್ಟರು. ಸಂಜೆಯವರೆಗೂ ಜೀವ ಇದ್ದಿರಬಹುದು ಎಂದರು. ಕೂಗಿದ್ದರೂ ಕೇಳುವವರಿಲ್ಲ, ಕೆಳಗಿನ ಬಟ್ಟೆ ಗೋದಾಮಿಗೆ ಬುಧವಾರ ರಜೆ.

ಅಂದು ಮಧ್ಯಾಹ್ನ ಡೈರೆಕ್ಟರು ನನ್ನನ್ನು ಕರೆಸಿದರು. "ನಿಮ್ಮ ಮಿಷನ್ನು ನಿನ್ನೆಯ ಕರೆಗಳ ಪೂರ್ತಿ ವಿವರ ತೋರಿಸುತ್ತಾ?" ನಾನು ಗುಂಡಿ ಒತ್ತಿ ತೋರಿಸಿದೆ. ಮೂವತ್ತೇಳನೇ ನಂಬರಿನಿಂದ ಬುಧವಾರ ಮೊದಲ ಕರೆ ಏಳು ಹದಿನಾರಕ್ಕೆ. ಹಸಿರು. ಏಳು ಹದಿನೇಳಕ್ಕೆ ಮತ್ತೊಂದು. ಹಸಿರು. ಏಳು ಇಪ್ಪತ್ತು. ಏಳು ಇಪ್ಪತ್ತೊಂದು. ಹೀಗೆ ಇಳಿಯುತ್ತ ಹೋಗಿ ಕೊನೆಯದು ಎಂಟು ಐವತ್ತೆರಡಕ್ಕೆ. ಹನ್ನೊಂದು ಕರೆ, ಹನ್ನೊಂದು ಹಸಿರು.

"ಒಂದು ಸಲ ಮಾಡಿದ್ರೆ ಸಾಕಲ್ಲ," ಎಂದರು ಅವರು. "ಯಾಕೆ ಇಷ್ಟು ಸಲ?"

ನಾನು ಹೇಳಬೇಕಾಯಿತು. ಎರಡು ರಿಂಗಿನ ಮಾತು, ಉದ್ದ ರಿಂಗಿನ ಮಾತು, ಬಸ್ಸಿನ ಬೆಲ್ಲಿನ ಮಾತು. ಉದ್ದ ರಿಂಗು ಹೊಡೆಯಲು ಅಜ್ಜ ಹನ್ನೊಂದು ಸಲ ನೋಡಿದ್ದಾನೆ. ಹನ್ನೊಂದು ಸಲವೂ ಯಂತ್ರ ಮೊದಲ ರಿಂಗಿಗೇ ಎತ್ತಿದೆ. ಅಜ್ಜ ಏನಾದರೂ ಕೂಗಿದ್ದರೂ ಕೇಳಿಸಿಕೊಳ್ಳುವ ಕಿವಿ ಅದಕ್ಕಿಲ್ಲ. ನಿಮ್ಮ ಆರೋಗ್ಯ ತಿಳಿದು ಸಂತೋಷವಾಯಿತು ಎಂದು ಹೇಳಿ ಇಟ್ಟಿದೆ. ಎತ್ತಿದ ಕರೆಗೆಲ್ಲ ಕಾಸು. ಎಂಟು ಐವತ್ತೆರಡರ ಹೊತ್ತಿಗೆ ಅಜ್ಜನ ಫೋನಿನಲ್ಲಿದ್ದದ್ದು ಮುಗಿದಿತ್ತು.

ಡೈರೆಕ್ಟರು ಪರದೆ ನೋಡುತ್ತಲೇ ಕೂತಿದ್ದರು. "ಎಂಟೂವರೆಗೆ ನಾನು ಇಲ್ಲೇ ಇದ್ದೆ," ಎಂದರು. "ಇದರ ಮುಂದೇನೇ." ನನ್ನ ಕಡೆ ತಿರುಗಿ, "ನಿಮಗೆ ಗೊತ್ತಿತ್ತಾ?" ಎಂದರು.

"ಗೊತ್ತಿತ್ತು," ಎಂದೆ.

ಅವರು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಕೆಂಪು ಪೆನ್ನು ತೆಗೆದು ಹನ್ನೊಂದು ಹೊತ್ತನ್ನೂ ಒಂದರ ಕೆಳಗೊಂದು ಬರೆದುಕೊಂಡರು.

ಮಾರನೇ ದಿನ ಅಜ್ಜನ ಮಗಳು ಬಂದಳು. ಅವಳು ಬರುವ ಮೊದಲು ಅಧ್ಯಕ್ಷರು ಡೈರೆಕ್ಟರನ್ನು ಕೂರಿಸಿಕೊಂಡು ಹೇಳಿದ್ದನ್ನು, ಯಂತ್ರದ ವಯರು ನೋಡುವ ನೆಪದಲ್ಲಿ ಅಲ್ಲೇ ಬಗ್ಗಿದ್ದ ನಾನು ಕೇಳಿದೆ. "ಗುರುವಾರ ಕರೆ ಬರಲಿಲ್ಲ. ಅರ್ಧ ಗಂಟೆಯಲ್ಲಿ ಹೋದ್ರಿ. ಏರ್ಪಾಡು ಸರಿಯಾಗೇ ಕೆಲಸ ಮಾಡಿದೆ. ಇದರಲ್ಲಿ ಒಂದು ಅಕ್ಷರ ಸುಳ್ಳಿದೆಯಾ?"

"ಇಲ್ಲ ಸಾರ್."

"ಮತ್ತೆ? ಅಷ್ಟು ಹೇಳಿ ಸಾಕು. ಪಾಪ, ಆ ಹುಡುಗಿಗೆ ಇನ್ನಷ್ಟು ಸಂಕಟ ಯಾಕೆ? ನಿಮಗೂ ಮನೆ ಮಠ ಇದೆ. ಈ ವಯಸ್ಸಲ್ಲಿ ಇನ್ನೊಂದು ಕಡೆ ಹುಡುಕ್ತೀರಾ?"

ಮಗಳು ನಲವತ್ತರ ಆಸುಪಾಸಿನವಳು. ಪ್ರಯಾಣ ಮಾಡಿ ಬಂದ ಬಟ್ಟೆಯಲ್ಲೇ ಇದ್ದಳು. ಕೈಯಲ್ಲಿ ಅಪ್ಪನ ಕನ್ನಡಕದ ಡಬ್ಬಿ. ಅಧ್ಯಕ್ಷರು ಹೇಳಬೇಕಾದ್ದನ್ನೆಲ್ಲ ಹೇಳಿದರು. ಅವಳು ಕೇಳಿಸಿಕೊಂಡಳು.

"ಬುಧವಾರ ಅಪ್ಪ ಫೋನ್ ಮಾಡಿದ್ರಾ ನಿಮಗೆ?"

"ಮಾಡಿದ್ರಮ್ಮ," ಎಂದರು ಅಧ್ಯಕ್ಷರು. "ಅದಕ್ಕೇ ನಾವು ಚೆನ್ನಾಗಿದ್ದಾರೆ ಅಂತ..."

"ಹನ್ನೊಂದು ಸಲ ಮಾಡಿದ್ರು," ಎಂದರು ಡೈರೆಕ್ಟರು.

ಅಧ್ಯಕ್ಷರು ಕೆಮ್ಮಿದರು. ಡೈರೆಕ್ಟರು ನಿಲ್ಲಿಸಲಿಲ್ಲ. ಪುಸ್ತಕ ತೆಗೆದು ಹನ್ನೊಂದನ್ನೂ ಓದಿದರು. ಉದ್ದ ರಿಂಗು ಎಂದರೇನೆಂದು ಹೇಳಿದರು. ಅದು ತಮಗೆ ಗೊತ್ತಿರಲಿಲ್ಲ, ಕೇಳಬೇಕಾದ ಹೊತ್ತಿನಲ್ಲಿ ಬಂದು ಕೂತು ಕೇಳಲಿಲ್ಲ ಎಂದರು. ಯಂತ್ರ ತಂದದ್ದು ತಾವು, ಅದರಲ್ಲಿ ಮಾತಾಡುವ ದನಿ ತಮ್ಮದು ಎಂದರು. ಯಂತ್ರ ಮಾರಿದವನ ಹೆಸರು ಎತ್ತಲಿಲ್ಲ. ನಾನು ವಯರು ಹಿಡಿದುಕೊಂಡು ಅಲ್ಲೇ ಇದ್ದೆ.

ಮಗಳು ಅಳುತ್ತಾಳೆ ಎಂದುಕೊಂಡಿದ್ದೆವು. ಅವಳು ಬೆರಳು ಮಡಿಸಿ ಏನೋ ಎಣಿಸಿದಳು.

"ಏಳೂಕಾಲಿಂದ ಒಂಬತ್ತರತನಕ," ಎಂದಳು. "ಇಲ್ಲಿಂದ ನಮ್ಮಪ್ಪನ ಮನೆಗೆ ಎಷ್ಟು ಹೊತ್ತು?"

"ಏಳು ನಿಮಿಷ."

"ಮೆಟ್ಟಿಲು ಸೇರಿಸಿ?"

"ಸೇರಿಸಿ."

ಅವಳು ಕನ್ನಡಕದ ಡಬ್ಬಿಯನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು. ಬಾಗಿಲ ಬಳಿ ನಿಂತು ತಿರುಗಿ ನೋಡದೆ, "ಪ್ರತಿ ಭಾನುವಾರ ಫೋನಲ್ಲಿ ಹೇಳ್ತಿದ್ರು. ಹೊಸಬ ಒಬ್ಬ ಬಂದಿದ್ದಾನೆ, ನಗಿಸೋಕೆ ನೋಡ್ತಾ ಇದ್ದೀನಿ ಅಂತ," ಎಂದು ಇಳಿದು ಹೋದಳು.

ತಿಂಗಳು ಕಳೆಯುವ ಮೊದಲು ಡೈರೆಕ್ಟರು ಆರೋಗ್ಯದ ಕಾರಣದಿಂದ ಕೆಲಸ ಬಿಟ್ಟರು ಎಂಬ ಒಕ್ಕಣೆ ಸೂಚನಾಫಲಕದಲ್ಲಿ ಬಂತು. ಆರೋಗ್ಯ ಯಾರದು ಎಂದು ಅದರಲ್ಲಿ ಬರೆದಿರಲಿಲ್ಲ. ಹೋಗುವ ಮೊದಲು ಅವರು ಮಾಡಿದ ಕೊನೆಯ ಕೆಲಸ ಫೋನಕ್ಕನ ಮನೆ ಹುಡುಕಿಕೊಂಡು ಹೋದದ್ದು. ಫೋನಕ್ಕ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದರಂತೆ. "ಈ ಗಡಿಯಾರ ನೀವು ವಾಪಸು ತಗೊಂಡು ಹೋಗಿ, ಹಾಗಾದ್ರೆ ಕೆಲಸಕ್ಕೆ ಬರ್ತೀನಿ" ಎಂದರಂತೆ. ಗಡಿಯಾರ ಈಗ ನನ್ನ ಅಂಗಡಿಯಲ್ಲಿದೆ. ಯಂತ್ರವೂ ಅದರ ಕೆಳಗಿನ ಹಲಗೆಯಲ್ಲಿದೆ. ಬಳಸಿದ ಮಾಲು ಎಂದು ಹೇಳಿಯೇ ಮಾರಬೇಕು, ಕೇಳುವವರಿಲ್ಲ.

ಯಂತ್ರ ವಾಪಸು ಬಂದ ಎರಡು ದಿನಕ್ಕೆ ಡೈರೆಕ್ಟರು ಅಂಗಡಿಗೆ ಬಂದರು. ಜೇಬಿನಲ್ಲಿ ಪೆನ್ನುಗಳಿರಲಿಲ್ಲ. "ಅದರಲ್ಲಿ ನನ್ನ ದನಿ ಇದೆ. ತೆಗೆದುಬಿಡಿ," ಎಂದರು.

ಹಿಂದಿನ ಕೋಣೆಗೆ ಒಯ್ದು ವಯರು ಸಿಕ್ಕಿಸಿದೆ. ಅಳಿಸುವ ಮೊದಲು ಅವರು, "ಒಂದು ಸಲ ಹಾಕಿ," ಎಂದರು. ಹಾಕಿದೆ. ನಮಸ್ಕಾರ, ನಿಮ್ಮ ಕರೆ ನಮಗೆ ಬಹಳ ಮುಖ್ಯ. ಕೊನೆಯವರೆಗೂ ತಲೆ ತಗ್ಗಿಸಿ ನಿಂತು ಕೇಳಿದರು.

"ಎಷ್ಟು ಉದ್ದ ಇದೆ ಅಲ್ವಾ," ಎಂದರು. "ಅವತ್ತು ಓದುವಾಗ ಗಿಡ್ಡ ಅನ್ನಿಸಿತ್ತು."

ನಾನು ಅಳಿಸಿದೆ.

ಅಜ್ಜನ ಸುದ್ದಿ ಹಬ್ಬಿದ ಮೇಲೆ ಪಟ್ಟಿಯಲ್ಲಿದ್ದವರಲ್ಲಿ ಮೂವತ್ತು ಜನ ಕರೆ ಮಾಡುವುದನ್ನೇ ಬಿಟ್ಟಿದ್ದಾರೆ. ಯಾರಿಗೆ ಮಾಡೋದು, ಏನಕ್ಕೆ ಮಾಡೋದು ಎನ್ನುತ್ತಾರಂತೆ. ಅವರ ಬಾಗಿಲನ್ನೆಲ್ಲ ಪ್ರತಿದಿನ ತಟ್ಟಬೇಕು. ಇಬ್ಬರು ಸ್ವಯಂಸೇವಕರು ಸಾಲದೆ, ಒಂದು ದಿನ ಡೈರೆಕ್ಟರೇ ಬಂದು ಮೂರನೆಯವರಾಗಿ ಸೇರಿಕೊಂಡರು. ಸಂಬಳವಿಲ್ಲ, ಹುದ್ದೆಯ ಹೆಸರಿಲ್ಲ. ಅಧ್ಯಕ್ಷರು ಕಂಡೂ ಕಾಣದ ಹಾಗಿದ್ದಾರೆ. ಹೆಂಡತಿ ಒಂದು ದಿನ ಬಲ್ಬಿಗೆಂದು ಬಂದವರು, "ಡಬ್ಬದ ಚೀಟಿಗಳೆಲ್ಲ ಉದುರಿ ಹೋಗಿವೆ, ಮತ್ತೆ ಅಂಟಿಸ್ತಾನೇ ಇಲ್ಲ," ಎಂದರು. ಈ ಸಲ ನಗಿಸಲು ಹೇಳಿದ್ದಲ್ಲ.

ಬೆಳಿಗ್ಗೆ ಏಳಕ್ಕೇ ಬಂದು ಡೈರೆಕ್ಟರು ಫೋನಕ್ಕನ ಮೇಜಿನ ಪಕ್ಕ ಸ್ಟೂಲು ಹಾಕಿಕೊಂಡು ಕೂರುತ್ತಾರೆ. ಏನೂ ಬರೆದುಕೊಳ್ಳುವುದಿಲ್ಲ. ಒಂಬತ್ತಾದ ಮೇಲೆ ನನ್ನ ಅಂಗಡಿಯ ಮುಂದೆ ಹಾದು ಹೋಗುತ್ತಾರೆ. ನಡೆದುಕೊಂಡು ಹೋದರೆ ನಾನು ಧೂಳು ಒರೆಸುವುದನ್ನು ಮುಂದುವರಿಸುತ್ತೇನೆ. ಒಂಬತ್ತರ ಒಳಗೆ ಆ ಉದ್ದನೆಯ ರಿಂಗು ಕೇಳಿದರೆ ಬಟ್ಟೆ ಕೆಳಗಿಟ್ಟು ರಸ್ತೆ ನೋಡುತ್ತೇನೆ. ಮಂಡಿ ಸರಿಯಿಲ್ಲದ, ಐವತ್ತೈದು ದಾಟಿದ ಆ ಮನುಷ್ಯ ಇಪ್ಪತ್ತೆರಡು ಮೆಟ್ಟಿಲು ಇಳಿದು ಓಡುವುದನ್ನು ಇಲ್ಲಿಯವರೆಗೆ ಎರಡು ಸಲ ನೋಡಿದ್ದೇನೆ.

ಒಂದು ಸಲ ಹೊತ್ತಿಗೆ ಮುಟ್ಟಿದರು.